ಎರಡನೇ ಬಾಟಲಿ

2014 ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಎಂಟು ಬಾಟಲಿ ಸಿರಾ, ಕೆಂಪು ವೈನ್. ಎಲ್ಲಕ್ಕೂ ಬೂದು ಬಟ್ಟೆಯ ಚೀಲ, ಕತ್ತಿಗೆ ದಾರ, ಮೇಲೆ ಸಂಖ್ಯೆ. ಯಾರ ತೋಟದ್ದು ಯಾವುದು ಎಂದು ಮ್ಯಾನೇಜರಿಗೆ ಮಾತ್ರ ಗೊತ್ತು. ಮೂಸು, ಬಾಯಲ್ಲಿ ತಿರುಗಿಸು, ಉಗುಳು, ಬರೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ನಾನು ಬೇಡವೆಂದ ವೈನನ್ನು ನಮ್ಮ ಕಂಪನಿ ಕೊಳ್ಳುವುದಿಲ್ಲ. ನಾವು ಕೊಳ್ಳದ್ದನ್ನು ಉಳಿದ ವ್ಯಾಪಾರಿಗಳೂ ಮುಟ್ಟುವುದಿಲ್ಲ.

1 — ಜಾಮ್. ಮುಂದೆ ಸಿಹಿ, ಹಿಂದೆ ಏನೂ ಇಲ್ಲ.

3 — ಒದ್ದೆ ರಟ್ಟಿನ ವಾಸನೆ. ಕಾರ್ಕ್ ಕೆಟ್ಟಿದೆ, ವೈನಿನ ತಪ್ಪಲ್ಲ. ನಿಯಮದಂತೆ ಎರಡನೇ ಬಾಟಲಿ ಕೇಳಿದೆ. ಅದು ಚೆನ್ನಾಗಿದೆ. ಕೊಳ್ಳಬಹುದು.

7 — ಮಂಕು. ಒದ್ದೆ ನೆಲಮಾಳಿಗೆ. ಹಣ್ಣು ಸತ್ತಿದೆ. ಬೇಡ.

ಮೇಜಿನ ಮೇಲೆ ಕಂದು ಮೇಣದ ಚೂರು. ಒರೆಸಿದೆ.

ಚೀಲ ತೆಗೆದಾಗ ಏಳು ಅಣ್ಣನದು. ಮ್ಯಾನೇಜರ್ ನನ್ನ ಮುಖ ನೋಡಿದರು. "ಬೇಕಿದ್ರೆ ಇನ್ನೊಂದು ಬಾಟಲಿ ತೆಗೆಸ್ಲಾ ಮೇಡಂ?"

"ಬೇಡ ಸರ್. ಬರೆದಾಯ್ತು."

ಮನೆಗೆ ಬರುವಾಗ ಬೆನ್ನು ನೆಟ್ಟಗಿತ್ತು. ನಮ್ಮವರು, ಹೊರಗಿನವರು ಎಂದು ನೋಡಲಿಲ್ಲ.

ಫೆಬ್ರವರಿ 13

ಅಣ್ಣನ ಫೋನ್. ಲಿಫ್ಟ್ ಮೆಕ್ಯಾನಿಕ್ ಕೆಲಸ ಬಿಟ್ಟು, ಕಲ್ಲಿನ ಇಳಿಜಾರೊಂದನ್ನು ಗುತ್ತಿಗೆ ಹಿಡಿದು ಬಳ್ಳಿ ಹಾಕಿದವನು. ಇದು ಅವನ ಮೊದಲ ಸಿರಾ.

"ಏನು ಜಡ್ಜಮ್ಮ, ನೇಣಿಗೇ ಹಾಕ್ಬಿಟ್ಯಂತೆ?" ನಗುತ್ತಲೇ ಕೇಳಿದ.

"ಹಣ್ಣೇ ಇರಲಿಲ್ಲ ಅಣ್ಣ."

"ಎಳೇದು ಕಣೇ. ಅದಕ್ಕಿನ್ನೂ ಹಲ್ಲೇ ಬಂದಿಲ್ಲ. ಐದು ವರ್ಷ ಬಿಡು, ಮಣ್ಣಿನ ವಾಸನೆ ಹೇಗೆ ಏಳುತ್ತೆ ನೋಡು."

"ಒದ್ದೆ ವಾಸನೆ ಇತ್ತು."

"ನನ್ನ ಪೀಪಾಯಿಲಿ ಅದಿಲ್ಲ." ಆಮೇಲೆ ದನಿ ಇಳಿಸಿದ. "ಇರ್ಬೋದೇನೋ... ನಿನ್ನ ಮೂಗು ಯಾವತ್ತು ತಪ್ಪಿದೆ."

ಈ ಸಲ ನಗಲಿಲ್ಲ. ಫೋನ್ ಇಟ್ಟ.

ಜೂನ್ 2

ಅತ್ತಿಗೆ ಬಂದಿದ್ದರು. ನಾಲ್ಕು ಕಡೆ ತಿರುಗಿದನಂತೆ ಅಣ್ಣ. ಎಲ್ಲರದ್ದೂ ಒಂದೇ ಪ್ರಶ್ನೆ — ಸ್ವಂತ ತಂಗಿಯೇ ಬೇಡ ಅಂದ್ಲಂತಲ್ಲ? ನಿನ್ನೆ ವಿನೆಗರ್ ಫ್ಯಾಕ್ಟರಿಯ ಟ್ಯಾಂಕರ್ ಬಂದು ಎಲ್ಲವನ್ನೂ ಹೊತ್ತೊಯ್ದಿದೆ. ತುಂಬಿಸಿಟ್ಟ ಬಾಟಲಿಗಳನ್ನೂ ಒಡೆದು ಸುರಿದಿದ್ದಾರೆ.

"ಅವರೇ ನಿಂತು ಪೈಪ್ ಹಿಡ್ಕೊಂಡ್ರು. ಮುಂದಿನ ವಾರದಿಂದ ಮತ್ತೆ ಲಿಫ್ಟ್ ಕಂಪನಿ."

ಕೈಚೀಲದಿಂದ ಹಳೆ ಟವೆಲ್ ಸುತ್ತಿದ ಐದು ಬಾಟಲಿ ತೆಗೆದಿಟ್ಟರು.

"ಇದು ಅವರಿಗೆ ಗೊತ್ತಿಲ್ಲ. ನಿಂದು ತಪ್ಪು ಅನ್ನೋಕೆ ಬಂದಿಲ್ಲ ನಾನು. ನನಗೆ ಸಿರಾನೂ ಒಂದೇ, ಕೆಮ್ಮಿನ ಔಷಧೀನೂ ಒಂದೇ. ಆಗಾಗ ಒಂದು ತೆಗೆದು ನೋಡು. ಏನಾಗಿದೆ ಅಂತ ನನಗೆ ಹೇಳು, ಸಾಕು."

ಕಾಫಿ ಕೇಳಿದೆ. ಬೇಡವೆಂದರು. ಮಂಚದ ಕೆಳಗೆ ಜಾಗ ಮಾಡಿ ಬಾಟಲಿಗಳನ್ನು ಅಡ್ಡ ಮಲಗಿಸಿದೆ.

2015 ಫೆಬ್ರವರಿ 11

ಮೊದಲನೆಯದು. ಮೇಣ ಒಡೆದು ಕಾರ್ಕ್ ಮೂಸಿದೆ. ಶುದ್ಧ. ಗ್ಲಾಸ್ ಮೂಸಿದೆ. ಕರಿಮೆಣಸು, ಕಪ್ಪು ಹಣ್ಣಿನ ಸಿಪ್ಪೆ. ಒಗರು ಹಲ್ಲಿಗೆ ಹಿಡಿಯುತ್ತದೆ. ಒರಟು, ಹಟಮಾರಿ, ಎಳೆಯದು. ಒದ್ದೆ ರಟ್ಟಿಲ್ಲ. ಮತ್ತೆ ಮೂಸಿದೆ. ಇಲ್ಲ.

ಅತ್ತಿಗೆಗೆ ಮೆಸೇಜ್: "ಪರವಾಗಿಲ್ಲ." ಸುಳ್ಳಂತೂ ಅಲ್ಲ. ಕಳಪೆ ಅನುವಾದದ ಹಾಗೆ — ಪದ ತಪ್ಪಿಲ್ಲ, ಹೇಳಬೇಕಾದದ್ದು ಬಂದಿಲ್ಲ.

2016 ಫೆಬ್ರವರಿ 11

ತೆಗೆದೆ. ಬರೆಯುವುದಿಲ್ಲ.

2017 ಫೆಬ್ರವರಿ 12, ಭಾನುವಾರ

ಮೂರನೆಯದು. ಒಗರು ಇಳಿದಿದೆ. ತಳದಲ್ಲಿ ಮಣ್ಣು ಶುರುವಾಗಿದೆ, ಕದ ತೆರೆಯದೆ ಆಚೆಯಿಂದಲೇ ಮಾತಾಡುವವರಂತೆ. ಇನ್ನೂ ಎರಡು ವರ್ಷ ಬೇಕು.

ಅಣ್ಣ ಹೇಳಿದ್ದು ಐದು.

ಕಳೆದ ವಾರ ಚಿಕ್ಕಮ್ಮನ ಮಗಳ ಮನೆಯಲ್ಲಿ ಸಿಕ್ಕಿದ್ದ. ಎದುರು ಕುರ್ಚಿ. ಸೋಡಾ ಕುಡಿಯುತ್ತಿದ್ದ. "ಚೆನ್ನಾಗಿದ್ದೀಯಾ?" ಎಂದ. ಜಡ್ಜಮ್ಮ ಎನ್ನಲಿಲ್ಲ. ಹಾಗೆ ಕರೆದು ಮೂರು ವರ್ಷವಾಯಿತು.

2019 ಫೆಬ್ರವರಿ 11, ಸಂಜೆ 5

ಹೋದ ವರ್ಷ ತೆಗೆಯಲಿಲ್ಲ. ಜ್ವರವೆಂದುಕೊಂಡೆ. ಜ್ವರವಿರಲಿಲ್ಲ.

ನಾಲ್ಕನೆಯದು. ಇವತ್ತು ಸಿದ್ಧವಾಗಿದೆ. ಗ್ಲಾಸ್ ಹತ್ತಿರ ತಂದ ಕೂಡಲೇ ಮಣ್ಣು — ಈಗಷ್ಟೇ ಅಗೆದ, ನೆರಳಲ್ಲಿ ಬಿದ್ದಿರುವ ಮಣ್ಣು. ಅದರ ಹಿಂದೆ ಸ್ವಲ್ಪ ಹೊಗೆ, ಚರ್ಮದ ಚೀಲ, ಕರಿಮೆಣಸು ಈಗ ಬರೀ ಪಿಸುಮಾತು. ಹಣ್ಣು, ಹುಳಿ, ಒಗರು — ಒಂದರ ಕಾಲನ್ನು ಇನ್ನೊಂದು ತುಳಿಯುವುದಿಲ್ಲ. ನುಂಗಿದ ಮೇಲೂ ನಾಲಿಗೆ ಬಿಟ್ಟು ಹೋಗಲೊಲ್ಲದು. ಗಡಿಯಾರ ನೋಡಿದೆ, ಒಂದು ನಿಮಿಷ. ಹದ ಎಂಬ ಪದವನ್ನು ಹದಿನಾರು ವರ್ಷದ ಕೆಲಸದಲ್ಲಿ ನಾಲ್ಕೈದು ಸಲ ಬರೆದಿರಬಹುದು. ಇಲ್ಲಿ ಬರೆಯುತ್ತೇನೆ. ಹದ.

ನಾನು ಓದುವುದೆಲ್ಲ ಅನುವಾದದ ಕಾದಂಬರಿ. ಮೂಲ ಭಾಷೆ ಬರುವುದಿಲ್ಲ. ಆದರೂ ಅನುವಾದಕ ಒಂದು ವಾಕ್ಯ ನುಂಗಿದ್ದರೆ ತಿಳಿಯುತ್ತದೆ — ಮುಂದಿನ ಸಾಲು ಕುಂಟುತ್ತದೆ. ಐದು ವರ್ಷದ ಹಿಂದಿನ ಪುಟ ತೆಗೆದು ಓದಿದೆ. ಕುಂಟುತ್ತಿದೆ.

ಮೇಣದ ಚೂರು ಒರೆಸಿದೆ ಎಂದಿದೆ. ಯಾವಾಗ ನೋಡಿದೆ ಎಂದಿಲ್ಲ.

ಮೂಸುವ ಮೊದಲೇ ನೋಡಿದೆ. ಹಳೆ ಡಬ್ಬಿಯಲ್ಲಿ ಕಂದು ಮೇಣ ಕರಗಿಸಿ ಬಾಟಲಿಯ ಕತ್ತು ಅದ್ದುವವನು ಅಣ್ಣ ಒಬ್ಬನೇ. ಏಳು ಅವನದೆಂದು ಗೊತ್ತಿತ್ತು. ಅದರಲ್ಲಿದ್ದದ್ದು ಒದ್ದೆ ರಟ್ಟು ಎಂದೂ ಗೊತ್ತಿತ್ತು, ಮೂರರಲ್ಲಿ ಇದ್ದದ್ದೇ. ಬೇಕೆಂದೇ ನೆಲಮಾಳಿಗೆ ಎಂದು ಬರೆದೆ. ರಟ್ಟು ಎಂದರೆ ಎರಡನೇ ಬಾಟಲಿ ಕೇಳಬೇಕು. ಕೇಳಿದರೆ ಅಣ್ಣನಿಗೋಸ್ಕರ ಕೇಳಿದಳು ಎನ್ನುತ್ತಾರೆ. ಮ್ಯಾನೇಜರ್ ತಾವಾಗಿ ಕೇಳಿದಾಗಲೂ ಬೇಡವೆಂದೆ. ಆವತ್ತಿನ ಮೂರನೇ ಸಂಖ್ಯೆಯದು ಯಾರದ್ದೋ. ಗುರುತಿಲ್ಲದ ಅವನಿಗೆ ಸಿಕ್ಕ ನ್ಯಾಯ ಅಣ್ಣನಿಗೆ ಸಿಗಲಿಲ್ಲ. ಅದನ್ನೇ ಪ್ರಾಮಾಣಿಕತೆ ಎಂದುಕೊಂಡು ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ಬಂದೆ.

ಅತ್ತಿಗೆಗೆ ಮೆಸೇಜ್: "ತುಂಬಾ ಚೆನ್ನಾಗಿದೆ."

ಉತ್ತರ: "ಹೌದಾ. ಅವರಿಗೆ ನೀನೇ ಹೇಳು."

ಇನ್ನೊಂದು ಉಳಿದಿದೆ.

2021 ಮಾರ್ಚ್ 6, ಶನಿವಾರ, ಮಧ್ಯಾಹ್ನ 3

ಹೇಳಲಿಲ್ಲ. ಎರಡು ವರ್ಷ.

ಬೆಳಿಗ್ಗೆ ನಮ್ಮ ಕಟ್ಟಡದ ಲಿಫ್ಟ್ ನಿಂತಿತು. ಕಂಪನಿ ಕಳಿಸಿದ್ದು ಅಣ್ಣನನ್ನು. ಕೆಲಸ ಮುಗಿಸಿ ಬಾಗಿಲು ಬಡಿಯುವುದರೊಳಗೆ ಮೇಣ ಒಡೆದು, ಮೇಜು ಒರೆಸಿ, ಬಾಟಲಿಗೆ ಬೂದು ಚೀಲ ಹಾಕಿದ್ದೆ. ಮುಖ ನೋಡಿ ಹೇಳುವ ಧೈರ್ಯವಿಲ್ಲ. ಮೊದಲು ಬಾಟಲಿ ಹೇಳಲಿ ಎಂದುಕೊಂಡೆ.

"ಕೈಯೆಲ್ಲ ಗ್ರೀಸ್ ಕಣೇ."

"ಪೇಪರಲ್ಲಿ ಹಿಡ್ಕೋ. ಮೊದಲು ಇದನ್ನ ಮೂಸು."

"ನಾನು ವೈನ್ ಬಿಟ್ಟು ಏಳು ವರ್ಷ ಆಯ್ತಲ್ಲೇ."

ಮೂಸಿದ. ಕಣ್ಣು ಮುಚ್ಚಿದ. ಒಂದು ಗುಟುಕು, ತಡೆದು ಇನ್ನೊಂದು.

"ಯಾರದ್ದು? ಮಣ್ಣು ಹೇಗೆ ಕೂತಿದೆ ನೋಡು... ಎಷ್ಟು ಹದವಾಗಿದೆ! ಯಾವನೋ ಪುಣ್ಯಾತ್ಮ, ಕಾದಿದ್ದಾನೆ."

ಚೀಲದ ದಾರಕ್ಕೆ ಕೈ ಹಾಕಿದೆ. ಬಿಚ್ಚಲಿಲ್ಲ.

"ನಮ್ದೂ ಹೀಗಾಗುತ್ತೆ ಅಂತ ಹುಚ್ಚು ನನಗೆ," ಎಂದ. "ಆವತ್ತೇ ನೀನು ಬೇಡ ಅಂದಿದ್ದು ಒಳ್ಳೇದಾಯ್ತು ಬಿಡು. ಇಲ್ದಿದ್ರೆ ಇನ್ನೂ ಆ ಕಲ್ಲಲ್ಲೇ ಹಲ್ಲು ಮುರ್ಕೋತಿದ್ದೆ. ನನಗೆ ನಿನ್ನ ಮೇಲೆ ಬೇಜಾರಿಲ್ಲ. ಹೇಳ್ಬೇಕು ಅಂತಿದ್ದೆ, ಆಗಿರಲಿಲ್ಲ."

ಗ್ಲಾಸ್ ಕೆಳಗಿಟ್ಟು ನಕ್ಕ. "ಇದಕ್ಕೆ ಎಷ್ಟು ಮಾರ್ಕ್ಸು ಜಡ್ಜಮ್ಮ?"

ಕೈ ತೊಳೆದು ಬಾ, ಹೇಳ್ತೀನಿ ಎಂದೆ.

ಒಳಗೆ ನಲ್ಲಿ ಓಡುತ್ತಿದೆ. ಗ್ರೀಸ್, ಬೇಗ ಹೋಗುವುದಿಲ್ಲ. ಅಷ್ಟರಲ್ಲಿ ಬರೆದುಕೊಳ್ಳುತ್ತಿದ್ದೇನೆ, ಹೇಳುವಾಗ ಮತ್ತೆ ವಾಕ್ಯ ಬಿಟ್ಟುಹೋಗಬಾರದು. ಚೀಲ ತೆಗೆದಿದ್ದೇನೆ. ಅವನ ಗ್ಲಾಸಿನ ಪಕ್ಕ ಕಂದು ಮೇಣದ ಒಂದು ಚೂರು, ಹೇಗೋ ಉಳಿದುಕೊಂಡಿದೆ. ಒರೆಸಿಲ್ಲ.

ನಲ್ಲಿ ನಿಂತಿತು.

ಅಣ್ಣ, ಆವತ್ತು ಮೂಸುವ ಮೊದಲೇ ನನಗೆ