ಸಾಹೇಬರಿಗಾಗಿ ಕಾದ ಪತಂಗ

ಫೆಬ್ರವರಿ 17, ಶನಿವಾರ. ಧಾರೂರು

ಏಳನೇ ಕ್ಲಾಸಿನ ಪೇಪರ್ ತಿದ್ದುತ್ತಿದ್ದೆ. ಬಿಸಿಯೂಟದ ಮೈಸಮ್ಮ ಕಟ್ಟಿಗೆಯ ಜೊತೆ ಕಾಡಿನಿಂದ ಒಂದು ಹುಳದ ಗೂಡು ತಂದಳು. ಮತ್ತಿ ಮರದ ಟೊಂಗೆಗೆ ನೇತುಬಿದ್ದಿದೆ, ಕಲ್ಲಿನಷ್ಟು ಗಟ್ಟಿ. ಹೆಡ್ಮಾಸ್ಟರ್ ಸೂರ್ಯಕಾಂತ ಸರ್ ನಕ್ಕರು. "ಸತ್ತದರಿ ಅದು, ಬಿಸಾಕ್ರಿ." ಸೈನ್ಸ್ ಟೀಚರ್ ನಾನೋ ಅವರೋ? ಮನೆಗೆ ತಂದಿದ್ದೇನೆ.

ಜೂನ್ 20, ಗುರುವಾರ

ನಾಲ್ಕು ತಿಂಗಳು! ಮಳೆ ಬಿದ್ದ ಮೇಲೆ ಹೊರಬಂತು. ಅಂಗೈಗಿಂತ ದೊಡ್ಡದು, ಹಳದಿ. ನಾಲ್ಕೂ ರೆಕ್ಕೆಗೆ ಒಂದೊಂದು ಗಾಜಿನ ಕಣ್ಣು. ಪುಸ್ತಕದೊಂದಿಗೆ ತಾಳೆ ನೋಡಿದೆ — ಟಸಾರ್ ರೇಷ್ಮೆ ಪತಂಗ, ಹೆಣ್ಣು. ಇದು ಏನೂ ತಿನ್ನುವುದಿಲ್ಲ, ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದದ್ದೇ ಬುತ್ತಿ. ವಾರದೊಳಗೆ ಗಂಡು ಸಿಗಬೇಕು, ಮೊಟ್ಟೆ ಇಡಬೇಕು, ಸಾಯಬೇಕು.

ಮಕ್ಕಳಿಗೆ ತೋರಿಸಿ ಸಂಜೆ ಬಿಡೋಣವೆಂದು ಶಾಲೆಗೆ ಒಯ್ದೆ. ತಪ್ಪು ಮಾಡಿದೆ. ಸರ್ ಜಾಲರಿ ಪೆಟ್ಟಿಗೆಗೆ ಹಾಕಿಸಿಬಿಟ್ಟರು. "ನಾಳಿ ತಪಾಸಣಿಗಿ ಸಾಹೇಬ್ರು ಬರ್ತಾರ. ಅವ್ರು ನೋಡೋತನ ಬಿಡಬ್ಯಾಡ್ರಿ."

ಜೂನ್ 22, ಶನಿವಾರ

ಸಾಹೇಬರು ನಿನ್ನೆ ಬರಲಿಲ್ಲ. ಸೋಮವಾರವಂತೆ! ಪೆಟ್ಟಿಗೆಯೊಳಗೆ ಬಾಳೆಹಣ್ಣು ಇಟ್ಟಿದ್ದಾರೆ. ಬಾಯಿಲ್ಲ ಸರ್ ಅಂದರೆ, "ಹಸದ್ರ ತಿಂತದ ಬಿಡ್ರಿ." ಪೆಟ್ಟಿಗೆ ಇಟ್ಟ ರೂಮಿಗೆ ಬೀಗ ಜಡಿದು, ಕೀಲಿ ಜೇಬಿಗಿಳಿಸಿ, ತಾಂಡೂರಿಗೆ ಮಾವನ ಮನೆಗೆ ಹೊರಟರು. ಮೈಯೆಲ್ಲ ಉರಿಯುತ್ತಿದೆ. ಏನು ಓದಿದ್ದಾರೋ ಇವರು...

ಜೂನ್ 23, ಭಾನುವಾರ, ಬೆಳಗ್ಗೆ 6.10

ಮೈಸಮ್ಮ ಫೋನ್ ಮಾಡಿ ಕರೆದಳು. ಶಾಲೆಗೆ ಓಡಿ ಬಂದೆ. ರೂಮಿನ ಕಿಟಕಿಯ ಜಾಲರಿಗೆ ಹೊರಗಿನಿಂದ ಒಂದು ಗಂಡು ಅಂಟಿಕೊಂಡಿದೆ. ಇಟ್ಟಿಗೆ ಬಣ್ಣ. ಬಡಿದು ಬಡಿದು ರೆಕ್ಕೆಯ ಅಂಚು ಹರಿದಿದೆ. ಹೆಣ್ಣಿನ ವಾಸನೆ ಹಿಡಿದು ಕಾಡಿನಿಂದ ಇಲ್ಲಿತನಕ ಬಂದಿದೆ, ಪಾಪ. ಸರ್‌ಗೆ ಫೋನ್ ಮಾಡಿದೆ. "ಒಂದು ಹುಳದ ಸಲುವಾಗಿ ಐತವಾರ ಮುಂಜಾನಿ ಎಬ್ಬಿಸ್ತೀರೇನ್ರಿ?" ಕಟ್.

"ಕೀಲಿ ಇಲ್ಲಂದ್ರ ಏನಾತ್ರಿ ಟೀಚರಮ್ಮ? ಖಾರ ಕುಟ್ಟೋ ಕಲ್ಲು ಅದಲ್ಲ," ಅಂದಳು ಮೈಸಮ್ಮ. ತರಲು ಅಡುಗೆಮನೆಗೆ ಹೋಗಿದ್ದಾಳೆ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಜೂನ್ 24, ಸೋಮವಾರ

ಸಾಹೇಬರು ಇವತ್ತೂ ಬರಲಿಲ್ಲ. ಸರ್ ಕಡೆಯಿಂದ ಮೆಮೋ ಬಂತು! ಸರ್ಕಾರಿ ಬೀಗ ಒಡೆದದ್ದೇಕೆ, ನಾಳೆಯೊಳಗೆ ಉತ್ತರ ಕೊಡಿ.

ನಿನ್ನೆ ಹಗಲೆಲ್ಲ ಎರಡೂ ಶಾಲೆಯ ಹಿಂದಿನ ಮತ್ತಿ ಮರದಲ್ಲಿ ಜೋಡಿಯಾಗಿ ಕೂತಿದ್ದವು. ಇವತ್ತು ಎಲೆಯ ಮೇಲೆ ಮೊಟ್ಟೆಗಳಿವೆ. ಮೈಸಮ್ಮ ಆ ಮರದ ಕಟ್ಟಿಗೆ ಯಾರಿಗೂ ಮುರಿಯಗೊಡುತ್ತಿಲ್ಲ.

ಉತ್ತರ ಹೀಗೆ ಬರೆಯಲೇ? ಮಾನ್ಯರೇ, ಸಾಹೇಬರು ಮುಂದಿನ ತಿಂಗಳು ಬಂದರೂ ನಡೆಯುತ್ತದೆ. ಪತಂಗಕ್ಕೆ ಇದ್ದದ್ದು ಮಾತ್ರ ಒಟ್ಟು ಒಂದೇ ವಾರ.