ಮಂಟಯ್ಯಮಾವನ ಹಾಲು

ಸರಸ್ವತಿಪುರಂ, ಮೈಸೂರು
ಶನಿವಾರ, 23 ನವೆಂಬರ್ 2024

ಪ್ರೀತಿಯ ಚಂದ್ರು,

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮವ್ವ ಬೋರಮ್ಮ. ಹೇಳಿದ್ದು ಎಂಬತ್ತೇಳನೇ ಇಸವಿ, ಯುಗಾದಿ ಕಳೆದ ಮೊದಲ ಭಾನುವಾರ ಮಧ್ಯಾಹ್ನ, ಇಲವಾಲದಿಂದ ಎರಡು ಮೈಲಿ ಒಳಗಿರುವ ನಮ್ಮೂರಿನಲ್ಲಿ, ನಮ್ಮ ಮನೆ ಜಗಲಿಯ ಮೇಲೆ. ನೀನು ಆಗ ಅಲ್ಲಿರಲಿಲ್ಲ, ಹುಲ್ಲು ಕೊಯ್ಯಲು ಹೋಗಿದ್ದೆ. ನಿನಗೆ ಗೊತ್ತಿರುವುದು ಕೇಳಿದವರು ಆಮೇಲೆ ಹೇಳಿದ್ದು. ನಾನು ಅವ್ವನ ಪಕ್ಕದಲ್ಲೇ ಕೂತಿದ್ದೆ.

ಎರಡು ಬಸ್‌ಸ್ಟಾಪಿನ ಆಚೆ ಇರುವವನಿಗೆ ಪತ್ರ ಯಾಕೆ ಎಂದು ನಗಬೇಡ. ಮೊನ್ನೆ ಗುರುವಾರ ನೀನು ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಸಿದ್ದೇಶ, ಆ ವಿಡಿಯೊ ತೆಗೆದುಬುಡು ಕಣೋ. ಇಲ್ಲಾಂದ್ರೆ ಎರಡನೇ ಅರ್ಧ ನೋಡಿ ಇರೋದು ಇದ್ದಂಗೆ ಹೇಳು. ಟಾಕೀಸಿನವರು ಭಾನುವಾರ ಒಂದೇ ಒಂದು ಆಟ ಕೊಟ್ಟವ್ರೆ. ಅದೂ ಖಾಲಿ ಹೊಡೆದ್ರೆ ಸಿನಿಮಾ ಎತ್ತಿಬುಡ್ತಾರೆ. ಅಪ್ಪಂಗೆ ಎಂಬತ್ನಾಲ್ಕು." ನಾನು ಕಾಫಿ ಕುಡಿ ಅಂದೆ. ನೀನು ಕುಡಿಯಲಿಲ್ಲ. ನಮ್ಮ ಮನೆ ಕಾಫಿಗೆ ಯಾರ ಹಾಲೋ ಎಂದು ಅನುಮಾನ ಬಂತೇನೋ. ತಮಾಷೆ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ.

ನನ್ನ ಚಾನೆಲ್ಲಿಗೆ 'ಬೋರಮ್ಮನ ಜಗಲಿ' ಎಂದು ಯಾಕೆ ಹೆಸರಿಟ್ಟೆ ಎಂದು ಎಷ್ಟೋ ಜನ ಕೇಳುತ್ತಾರೆ. ಬುಧವಾರ ಹಳೆಯ ಸಿನಿಮಾ, ಶುಕ್ರವಾರ ಹೊಸ ಸಿನಿಮಾ. ನಾನೇನು ಓದಿಕೊಂಡ ವಿಮರ್ಶಕನಲ್ಲ. ಮುಂದಿನ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದು ಬೆಳೆದವನು. ಹೀರೊ ತೆರೆಗೆ ಬಂದಾಗ ನನ್ನ ಮೈ ಜುಮ್ಮೆಂದರೆ ಸಿನಿಮಾ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ. ಅಷ್ಟೇ ನನ್ನ ತಕ್ಕಡಿ. ಅದನ್ನೂ ಕೇಳಲು ನಲವತ್ತು ಸಾವಿರ ಜನ ಇದ್ದಾರೆ ನೋಡು. ಅವ್ವನಿಗೆ ಇದ್ದದ್ದು ಮೂವತ್ತು.

ಅವ್ವನ ಕ್ರಮ ನಿನಗೆ ನೆನಪಿದೆಯಲ್ಲ. ಶನಿವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಸೊಪ್ಪು ಹಾಕುವುದು, ಮಧ್ಯಾಹ್ನ ಮ್ಯಾಟಿನಿ ನೋಡುವುದು, ಭಾನುವಾರ ಜಗಲಿಯ ಮೇಲೆ ಕಾಲು ಚಾಚಿ ಇಡೀ ಸಿನಿಮಾ ಹೇಳುವುದು. ಹಾಡು ಬಂದರೆ ಹಾಡುವಳು, ಹೊಡೆದಾಟ ಬಂದರೆ ಮೊರ ಬಡಿಯುವಳು. ಸಿನಿಮಾ ನೋಡದವರಿಗೆ ಪಾತ್ರಗಳ ಮುಖ ಕಾಣಬೇಕಲ್ಲ, ಅದಕ್ಕೆ ಊರಿನವರದೇ ಮುಖ ಹಚ್ಚುವಳು. "ಹೀರೋಯಿನ್ನು ಅಂದ್ರೆ ನಮ್ಮ ಶಿಲ್ಪಶ್ರೀ ಇದ್ದಂಗವಳೆ, ವಸಿ ಎತ್ತರ." ಶಿಲ್ಪಶ್ರೀ ವಾರವಿಡೀ ತಲೆ ಎತ್ತಿಕೊಂಡು ನೀರಿಗೆ ಹೋಗುವಳು. ಕೆಟ್ಟವನ ಮುಖ ಮಾತ್ರ ಯಾವಾಗಲೂ ಸತ್ತವರದು. ಇದ್ದವರಿಗೆ ಹಚ್ಚಬಾರದು ಎಂಬುದು ಅವಳೇ ಮಾಡಿಕೊಂಡ ನಿಯಮ.

ಇನ್ನೊಂದು ವಿಷಯ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಮ್ಮೂರಿನೊಳಕ್ಕೆ ಬರುವ ಬಸ್ಸು ಮೈಸೂರು ಬಿಡುತ್ತಿದ್ದದ್ದು ಐದಕ್ಕೆ ಕಾಲು ಗಂಟೆ ಇರುವಾಗ. ಮ್ಯಾಟಿನಿ ಮುಗಿಯುತ್ತಿದ್ದದ್ದು ಐದೂವರೆಗೆ. ಅವ್ವ ಇಂಟರ್‌ವಲ್ ಆಗಿ ಕಾಲು ಗಂಟೆಗೆ ಎದ್ದುಬಿಡಬೇಕಿತ್ತು. ಅವಳು ಜೀವಮಾನದಲ್ಲಿ ಒಂದು ಸಿನಿಮಾದ ಕೊನೆಯನ್ನೂ ನೋಡಿದವಳಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಉಳಿದದ್ದನ್ನು ಕಟ್ಟುವಳು. ಇಲವಾಲ ಬರುವಷ್ಟರಲ್ಲಿ ಮದುವೆಯೋ ಸಾವೋ ತೀರ್ಮಾನ ಆಗಿರುತ್ತಿತ್ತು.

ನಿಮ್ಮಪ್ಪ ಮಂಟಯ್ಯಮಾವ ಸೈಕಲ್ಲಿನಲ್ಲಿ ಊರೂರಿಗೆ ಹಾಲು ಹಾಕುತ್ತಿದ್ದರು. ಅವರಿಗೆ ಬಸ್ಸಿನ ಗೊಡವೆ ಇಲ್ಲ. ಒಂದು ಶನಿವಾರ ಅವರೂ ಅದೇ ಮ್ಯಾಟಿನಿಗೆ ಹೋಗಿ ಕೊನೆಯವರೆಗೂ ಕೂತರು. ಮಾರನೇ ದಿನ ಜಗಲಿಯ ಮುಂದೆ ಸೈಕಲ್ ನಿಲ್ಲಿಸಿ ಅವ್ವ ಹೇಳುವುದನ್ನು ಕೇಳಿದರು. ಅವ್ವ ಹೀರೋಯಿನ್ನನ್ನು ಬಾವಿಗೆ ಬೀಳಿಸಿ ಎಲ್ಲರನ್ನೂ ಅಳಿಸಿದಳು. ಮಾವ ಗಹಗಹಿಸಿ ನಕ್ಕರು. "ಏನಕ್ಕ ಬೋರಕ್ಕ, ಬಾವಿ ಎಲ್ಲಿತ್ತು? ಆ ಹುಡುಗಿ ಮದ್ವೆ ಆಗಿ ಮಗು ಎತ್ಕೊಂಡು ನಗ್ತಾ ನಿಂತಿದ್ಲಲ್ಲ. ನೀನು ಬಸ್ಸಿಗೆ ಓಡೋದ್ನ ನಾನೇ ನೋಡಿದೆ, ಚಪ್ಪಲಿ ಕೈಲಿ ಹಿಡ್ಕೊಂಡು!" ಇಡೀ ಜಗಲಿ ನಕ್ಕಿತು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಾಗೆ ಹೇಳಿ ಗಂಟೆ ಬಾರಿಸಿಕೊಂಡು ಹೊರಟುಹೋದರು. ಅವ್ವನೂ ನಕ್ಕಳು. ಒಳಗೆ ಹೋಗಿ ಒಲೆಯ ಮುಂದೆ ಕೂತವಳು ಸಂಜೆವರೆಗೂ ಎದ್ದು ಬರಲಿಲ್ಲ.

ಮುಂದಿನ ಭಾನುವಾರವೇ ನಾನು ಮೊದಲು ಹೇಳಿದ ಭಾನುವಾರ. ಆ ದಿನ ಅವ್ವ ಹೇಳಿದ ಸಿನಿಮಾದಲ್ಲಿ ಒಬ್ಬ ಹಾಲಿನವನಿದ್ದ. ನೀರಿನ ಜೊತೆಗೆ ಇನ್ನೇನೋ ಬೆರೆಸುತ್ತಿದ್ದ. ಅದನ್ನು ಕುಡಿದ ಕೂಸು ತೊಟ್ಟಿಲಲ್ಲೇ ನೀಲಿಯಾಯಿತು. "ಹೆಂಗಿದ್ದ ಅವನು?" ಎಂದು ಎದುರಿಗೆ ಕೂತಿದ್ದ ಬೀರಮ್ಮ ಕೇಳಿದರು. ಆ ವಾರ ಅವರ ಮೊಮ್ಮಗುವಿಗೆ ವಾಂತಿಭೇದಿಯಾಗಿತ್ತು. ಅವ್ವ, "ಮುಖ ಸರಿಯಾಗಿ ನೋಡಲಿಲ್ಲ. ಸೈಕಲ್ಲಲ್ಲಿ ಬಂದ. ನಗು ಮಾತ್ರ ಬಲು ಚೆನ್ನಾಗಿತ್ತು," ಅಂದಳು. ಅಷ್ಟೇ. ಹೆಸರು ಹೇಳಲಿಲ್ಲ. ಅಂಥ ಕೈಚಳಕ ನನಗೆ ಇನ್ನೂ ಬಂದಿಲ್ಲ.

ಮಾರನೇ ಬೆಳಿಗ್ಗೆ ಏನಾಯಿತು ಎಂದು ನಿನಗೆ ಗೊತ್ತು. ಮಾವ ಅಳೆದು ಕೊಟ್ಟ ಹಾಲನ್ನು ಹೆಂಗಸರು ಚೊಂಬಿನಲ್ಲಿ ಹಿಡಿದುಕೊಂಡು, ಅವರ ಕಣ್ಣೆದುರಿಗೇ ಬೀದಿಗೆ ಚೆಲ್ಲಿದರು. ಮಾವ ಕ್ಯಾನಿನಿಂದ ಒಂದು ಲೋಟ ತೆಗೆದು ನಡುಬೀದಿಯಲ್ಲಿ ನಿಂತು ಗಟಗಟನೆ ಕುಡಿದು ತೋರಿಸಿದರು. ಯಾರೂ ನೋಡಲಿಲ್ಲ. ಮೂರು ತಿಂಗಳಲ್ಲಿ ನೀವು ಊರು ಬಿಟ್ಟಿರಿ. ಮೊದಲು ಚೆಲ್ಲಿದ್ದು ಯಾರೆಂದು ಊರಿನಲ್ಲಿ ಇವತ್ತಿಗೂ ವಾದವಿದೆ. ಹೆಚ್ಚಿನವರು ಬೀರಮ್ಮನೇ ಎನ್ನುತ್ತಾರೆ.

ಈಗ ನಿನ್ನ ಸಿನಿಮಾದ ವಿಷಯಕ್ಕೆ ಬರುತ್ತೇನೆ. ನೀನು ಹನ್ನೊಂದು ವರ್ಷ ಕಷ್ಟಪಟ್ಟು 'ಮಂಟಯ್ಯನ ಸೈಕಲ್ಲು' ಮಾಡಿದ್ದೀಯ. ಹೋದ ಶುಕ್ರವಾರ ಮೊದಲ ಆಟಕ್ಕೇ ಹೋದೆ. ಅಭಿಮಾನಿಯಾಗಿ ಹೇಳುತ್ತೇನೆ, ಮೊದಲ ಅರ್ಧ ಬಹಳ ಚೆನ್ನಾಗಿದೆ. ಮಂಜಿನಲ್ಲಿ ಸೈಕಲ್ ಗಂಟೆ ಮೊದಲು ಕೇಳಿಸಿ ಆಮೇಲೆ ಸೈಕಲ್ ಕಾಣುವ ಜಾಗದಲ್ಲಿ ನನ್ನ ಮೈ ಜುಮ್ಮೆಂದಿತು. ನಮ್ಮವ್ವನ ಪಾತ್ರ ಮಾಡಿದ ಹೆಂಗಸಂತೂ ಮೊರ ಬಡಿಯುವುದು, ಕಾಲು ಚಾಚುವುದು, ಎಲ್ಲವೂ ಅವ್ವನೇ. ಇಂಟರ್‌ವಲ್‌ಗೆ ಸರಿಯಾಗಿ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸಿಗೆ ಓಡುತ್ತಾಳೆ. ಟಾಕೀಸಿನಲ್ಲಿ ಎಲ್ಲರೂ ನಕ್ಕರು, ಚಂದ್ರು. ಮೂವತ್ತೇಳು ವರ್ಷದ ಮೇಲೆ ಮತ್ತೊಮ್ಮೆ.

ನಾನು ಎದ್ದು ಬಂದೆ.

ಅದೇ ಸಂಜೆ ವಿಡಿಯೊ ಹಾಕಿದೆ. ಎರಡನೇ ಅರ್ಧ ನೋಡಿದವನ ಹಾಗೆಯೇ ಹೇಳಿದೆ. ಕೂಸು ಸಾಯುತ್ತದೆ, ಹಾಲಿನವನೇ ಕೊಂದವನು, ಅಂಥವನನ್ನು ದೇವರು ಮಾಡಿ ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದೆ. ನಮ್ಮೂರಿನಲ್ಲಿ ನಡೆದದ್ದೇ ಎಂದೂ ಸೇರಿಸಿದೆ. ಆಮೇಲೆ ನಗುತ್ತಾ, "ನಾಳೆ ಬೆಳಿಗ್ಗೆ ಟಾಕೀಸಿನ ಮುಂದೆ ಸಿನಿಮಾದವರ ಅಪ್ಪನೇ ಕೂತು ಬಾದಾಮಿ ಹಾಲು ಹಂಚುತ್ತಾರಂತೆ. ಕುಡಿಯೋರು ಯೋಚನೆ ಮಾಡಿ ಕುಡೀರಪ್ಪ," ಎಂದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವ್ವನಿಂದಲೇ ಕಲಿತದ್ದು.

ಎರಡನೇ ಅರ್ಧದಲ್ಲಿ ನಿಜವಾಗಿ ಏನಿದೆ ಎಂದು ಬಾಗಿಲಲ್ಲಿ ನಿಂತು ನೀನೇ ಹೇಳಿದೆ. ಆ ಹೆಂಗಸು ಬೆಳಗಿನ ಜಾವ ಚೊಂಬು ಹಿಡಿದು ಮಂಟಯ್ಯನ ಮನೆಗೆ ಬರುತ್ತಾಳೆ. ಊರೆಲ್ಲ ನೋಡುತ್ತಿರುವಾಗ ಹಾಲು ಹಾಕಿಸಿಕೊಂಡು ಅಲ್ಲೇ ಕುಡಿಯುತ್ತಾಳೆ. "ನಾನು ಕಟ್ಟಿದ ಕಥೆ ಅದು" ಎಂದು ಒಪ್ಪಿಕೊಳ್ಳುತ್ತಾಳೆ. ಹೇಳುವಾಗ ನಿನ್ನ ಕಣ್ಣಲ್ಲಿ ನೀರಿತ್ತು. "ನಿಮ್ಮವ್ವನ್ನ ನಾನು ಒಳ್ಳೇಳು ಮಾಡಿದೀನಿ ಕಣೋ, ಯಾಕೋ ಹಿಂಗೆ ಮಾಡ್ದೆ?" ಎಂದು ಕೇಳಿದೆ.

ಉತ್ತರ ಇಲ್ಲಿದೆ. ನಮ್ಮವ್ವ ಬರಲಿಲ್ಲ, ಚಂದ್ರು. ಅವಳು ಸಾಯುವವರೆಗೂ ನಮ್ಮ ಮನೆಯಲ್ಲಿ ಬರೀ ಕರಿ ಕಾಫಿ. ಕೊನೆಯ ದಿನಗಳಲ್ಲಿ ಡಾಕ್ಟರು ಹಾಲು ಕುಡಿಯಿರಿ ಎಂದಾಗ ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದಳು. ನಡೆಯದೆ ಇದ್ದದ್ದನ್ನು ನೀನು ಕಟ್ಟಿದೆ, ಅದೂ ಅವಳು ಕಟ್ಟಿದ ಎಲ್ಲ ಕೊನೆಗಳಿಗಿಂತ ಚೆನ್ನಾಗಿ ಕಟ್ಟಿದೆ. ಅವಳಿಗೆ ಇಲ್ಲದ ಒಳ್ಳೆಯತನವನ್ನು ಹಾಲಿನವನ ಮಗ ದಾನ ಕೊಡುವುದು, ನಾನು ಕತ್ತಲಲ್ಲಿ ಕೂತು ಚಪ್ಪಾಳೆ ತಟ್ಟುವುದು, ಇದು ನನ್ನಿಂದ ಆಗಲಿಲ್ಲ. ಕೊನೆ ಕಟ್ಟುವುದು ನಮ್ಮ ಮನೆಯ ಕಸುಬು.

ಹಾಗಂತ ನಾನು ಕಲ್ಲಲ್ಲ. ನೀನು ಕೇಳಿದ್ದು ನ್ಯಾಯವಾಗಿಯೇ ಇದೆ. ಆದ್ದರಿಂದ ವಿಡಿಯೊ ತೆಗೆಯಲು ಒಪ್ಪಿದ್ದೇನೆ. ಈ ಪತ್ರ ನಿನ್ನ ಕೈಗೆ ಬಂದ ದಿನವೇ ತೆಗೆಯುತ್ತೇನೆ. ಈಗ ಮಧ್ಯಾಹ್ನ ಮೂರು ಗಂಟೆ, ಡಬ್ಬಿಗೆ ಹಾಕಲು ಹೊರಟಿದ್ದೇನೆ. ನಾಳೆ ಭಾನುವಾರ ಅಂಚೆ ಇಲ್ಲ. ಸೋಮವಾರವೋ ಮಂಗಳವಾರವೋ ತಲುಪುತ್ತದೆ.

ಮಾವನಿಗೆ ನನ್ನ ನಮಸ್ಕಾರ ತಿಳಿಸು. ಚಳಿ ಜಾಸ್ತಿಯಾಗಿದೆ, ಬೆಚ್ಚಗೆ ಇರಲು ಹೇಳು.

ಇಂತಿ ನಿನ್ನ ಬಾಲ್ಯದ ಗೆಳೆಯ,
ಸಿದ್ದೇಶ

ಮರೆತಿದ್ದೆ: ಹೋದ ಶನಿವಾರ ಬೆಳಿಗ್ಗೆ ಹಾಲಿನ ಕ್ಯಾನು ಉರುಳಿದಾಗ ನೀನು ಮೇಲೆ ಪ್ರೊಜೆಕ್ಟರ್ ರೂಮಿನಲ್ಲಿದ್ದೆ. ಕೆಳಗೆ ನಡೆದದ್ದನ್ನು ಮಾವ ನಿನಗೆ ಹೇಳಿರಲಾರರು, ಅವರ ಸ್ವಭಾವ ನನಗೆ ಗೊತ್ತು. ನಾನು ಮಂಕಿ ಕ್ಯಾಪ್ ಹಾಕಿಕೊಂಡು ಸಾಲಿನಲ್ಲಿ ಮೊದಲಿಗೆ ನಿಂತಿದ್ದೆ. ಮಾವ ಲೋಟ ಕೊಟ್ಟು, ಮುಖ ದಿಟ್ಟಿಸಿ, "ಬೋರಕ್ಕನ ಮಗ ಅಲ್ವೇನೋ? ಬಂದ್ಯಾ? ಕುಡಿ ಮಗ, ಬಿಸಿ ಅದೆ," ಎಂದರು. ನಾನು ಅವರ ಕಣ್ಣೆದುರಿಗೇ ಕೆಳಗೆ ಚೆಲ್ಲಿದೆ. ಎಂಬತ್ತೇಳರಲ್ಲೂ ಮೊದಲು ಚೆಲ್ಲಿದವನು ನಾನೇ, ಬೀರಮ್ಮ ಅಲ್ಲ. ಅವತ್ತು ಚೊಂಬು ಕೊಟ್ಟು ಕಳಿಸಿದವಳು ಅವ್ವ. ಈ ಸಲ ಯಾರೂ ಕಳಿಸಿರಲಿಲ್ಲ. ನನ್ನ ಹಿಂದಿದ್ದವರು, ನನ್ನ ವಿಡಿಯೊ ಕೇಳಿ ಬಂದವರು, ಒಬ್ಬೊಬ್ಬರಾಗಿ ಚೆಲ್ಲಿದರು. ಮಾವ ಒಂದು ಲೋಟ ತುಂಬಿಕೊಂಡು ತಾವೇ ಕುಡಿದು ತೋರಿಸಿದರು. ಚೆಲ್ಲಿದವರು ಅದನ್ನು ಫೋನಿನಲ್ಲಿ ಹಿಡಿದುಕೊಂಡರು. ಆಮೇಲೆ ಕ್ಯಾನನ್ನು ಕಾಲಿನಿಂದ ಒದ್ದು, ಆ ಹಾಲನ್ನು ತುಳಿದುಕೊಂಡೇ ಎದುರಿನ ಇನ್ನೊಂದು ಟಾಕೀಸಿನ ಸಾಲಿಗೆ ಹೋಗಿ ನಿಂತರು.