ಜನವರಿಯಲ್ಲಿ ನಮ್ಮೂರಿನವಳು, ಜೂನ್‌ನಲ್ಲಿ ಹೊರಗಿನವಳು

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ಕದಿರಮ್ಮ ಎಂಬ ಎಂಟು ವರ್ಷದ ಹುಡುಗಿಯನ್ನು ನಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿಸಿಕೊಳ್ಳಬಾರದು ಎಂಬ ನಿರ್ಣಯದ ಕೆಳಗೆ ತಾವು ಹೋದ ತಿಂಗಳು ‘ಅನುಮೋದಿಸಿದೆ’ ಎಂದು ಹಸಿರು ಮಸಿಯಲ್ಲಿ ರುಜು ಹಾಕಿದ್ದೀರಿ. ಆಕೆ ಹೊರರಾಜ್ಯದವಳು, ಆಕೆಗೆ ಜನನ ಪತ್ರವಿಲ್ಲ, ವಾಸಸ್ಥಳದ ದೃಢೀಕರಣವಿಲ್ಲ, ಮಾತೃಭಾಷೆ ತೆಲುಗು ಎಂಬುದು ಕಾರಣ. ಎಂಟು ವರ್ಷದ ಮಗುವೊಂದರಿಂದ ಇಡೀ ರಾಜ್ಯವನ್ನು ಕಾಪಾಡಿದ್ದಕ್ಕೆ ಮೊದಲು ತಮ್ಮನ್ನು ಅಭಿನಂದಿಸುತ್ತೇನೆ. ಆಮೇಲೆ ಕೆಲವು ಪ್ರಶ್ನೆಗಳಿವೆ. ಅವನ್ನು ಕೇಳಲು ತಮ್ಮ ಕಚೇರಿಗೆ ಮೂರು ಸಲ ಬಂದಾಗ ತಾವು ಕ್ಯಾಂಪಿನಲ್ಲಿದ್ದಿರಿ, ನಾಲ್ಕನೆಯ ಸಲ ಊಟಕ್ಕೆ ಹೊರಟಿದ್ದಿರಿ. ಆದ್ದರಿಂದ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ. ತಾವು ಎಲ್ಲೇ ಕ್ಯಾಂಪ್ ಮಾಡಿದರೂ, ಪತ್ರಿಕೆಯನ್ನು ಮಾತ್ರ ತಪ್ಪದೆ ಓದುತ್ತೀರೆಂದು ತಮ್ಮ ಗುಮಾಸ್ತರೇ ಹೇಳಿದರು.

ನನ್ನ ಪರಿಚಯ ತಮಗಿದೆ. ಹೋದ ವರ್ಷ ತಾವು ತನಿಖೆಗೆ ಬಂದಾಗ ಉಪ್ಪಿಟ್ಟು ಮಾಡಿ ಬಡಿಸಿದವಳು ನಾನು. ತಾವು ಎರಡನೆಯ ಸಲವೂ ಹಾಕಿಸಿಕೊಂಡು ಶಾಲೆಯ ಪ್ರಗತಿ ತೃಪ್ತಿಕರ ಎಂದು ಬರೆದು ಹೋದಿರಿ. ನಾನು ನಮ್ಮ ಶಾಲಾ ಬೆಟರ್‌ಮೆಂಟ್ ಕಮಿಟಿಯ ಮಹಿಳಾ ಸದಸ್ಯೆ. ಈ ಹುದ್ದೆಯ ಕರ್ತವ್ಯಗಳು ಎರಡು: ತನಿಖೆಯ ದಿನ ಅಡಿಗೆ, ಉಳಿದ ದಿನ ಸಹಿ. ಓದಿದ್ದು ಎಂಟನೇ ತರಗತಿಯವರೆಗೆ, ಅದೂ ತಮ್ಮ ಇಲಾಖೆಯ ಶಾಲೆಯಲ್ಲೇ, ಹಾಗಾಗಿ ಈ ಪತ್ರದಲ್ಲಿ ಕಾಗುಣಿತ ತಪ್ಪಿದ್ದರೆ ಹೊಣೆ ಇಲಾಖೆಯದು.

ನಮ್ಮೂರು ಮುಳಬಾಗಿಲಿನಿಂದ ಮೂಡಲಿಗೆ, ಆಂಧ್ರದ ಗಡಿಗೆ ಮೂರು ಮೈಲಿ ಇರುವಾಗ ಸಿಗುತ್ತದೆ. ಊರ ಹೊರಗಿನ ಬಂಡೆಯ ಮೇಲೆ ಹದಿನೈದು ಗುಡಿಸಲುಗಳಿವೆ. ಹೈವೇ ಅಗಲ ಮಾಡುವ ಕೆಲಸಕ್ಕೆ ಜಲ್ಲಿ ಒಡೆಯಲೆಂದು ನಾಲ್ಕು ವರ್ಷದ ಹಿಂದೆ ಗಡಿಯ ಆಚೆಯಿಂದ ಬಂದ ಕಲ್ಲುಕುಟಿಗರವು. ಅವರನ್ನು ಊರಲ್ಲಿ ‘ಬಂಡೆಯವರು’ ಎನ್ನುತ್ತಾರೆ. ಅವರು ಒಡೆದ ಜಲ್ಲಿಯ ಮೇಲೆಯೇ ತಮ್ಮ ಜೀಪು ನಮ್ಮೂರಿಗೆ ಬರುತ್ತದೆ. ಕದಿರಮ್ಮ ಆ ಗುಡಿಸಲುಗಳಲ್ಲಿ ಒಂದರಲ್ಲಿರುವ ನರಸಿಂಹಪ್ಪ ಮತ್ತು ಮುನಿಶಾಮಮ್ಮ ದಂಪತಿಗಳ ಮಗಳು.

ಈಗ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಹೋದ ಜನವರಿಯಲ್ಲಿ ಮಕ್ಕಳ ಗಣತಿ ಬಂತು. ಹೆಡ್‌ಮೇಷ್ಟ್ರು ಒಬ್ಬರೇ ನಾಲ್ಕು ತರಗತಿಗಳನ್ನು ಎಳೆಯುತ್ತಿದ್ದ ಕಾಲವದು. ಇನ್ನೊಬ್ಬ ಉಪಾಧ್ಯಾಯರು ಬೇಕೆಂದರೆ ಮಕ್ಕಳ ಸಂಖ್ಯೆ ಹೆಚ್ಚಬೇಕು, ಊರಲ್ಲಿ ಅಷ್ಟು ಮಕ್ಕಳಿಲ್ಲ. ಅವರು ರಿಜಿಸ್ಟರ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

“ಹತ್ತು ಹನ್ನೊಂದು ಕಡಿಮೆ ಬೀಳ್ತಾವಮ್ಮಾ. ಬಂಡೆ ಮೇಲಿನ ಮಕ್ಕಳ್ನೂ ಬರ್ಕೊಂಡುಬಿಡೋಣ. ಅವೂ ನಮ್ಮೂರಿನವೇ ತಾನೇ?”

ಅವೂ ನಮ್ಮೂರಿನವೇ ಎಂದು ನಾನೂ ಒಪ್ಪಿದೆ. ಇಬ್ಬರೂ ಗುಡಿಸಲು ಗುಡಿಸಲಿಗೆ ಹೋದೆವು. ನಾನು ಹೆಸರು ಕೇಳಿ ಹೇಳಿದೆ, ಅವರು ಬರೆದುಕೊಂಡರು. ಹನ್ನೊಂದು ಮಕ್ಕಳಾದವು. “ಜೂನ್ ತಿಂಗಳಲ್ಲಿ ಸ್ನಾನ ಮಾಡಿಸಿ ಕಳಿಸಿ” ಎಂದು ಅವರ ತಾಯಂದಿರಿಗೆ ಹೇಳಿ ಬಂದವಳು ನಾನೇ. ಪಟ್ಟಿ ತಮ್ಮ ಕಚೇರಿಗೆ ಬಂತು, ತಾವು ಅದನ್ನೂ ಅನುಮೋದಿಸಿದಿರಿ, ಎರಡನೆಯ ಹುದ್ದೆ ಮಂಜೂರಾಯಿತು. ಈಗ ಶ್ರೀನಿವಾಸಪುರದಿಂದ ಒಬ್ಬ ಯುವತಿ ದಿನಾ ಎರಡು ಬಸ್ಸು ಬದಲಿಸಿ ಬಂದು ಪಾಠ ಹೇಳುತ್ತಿದ್ದಾರೆ. ಒಳ್ಳೆಯ ಉಪಾಧ್ಯಾಯಿನಿ. ಅವರನ್ನು ನಮ್ಮೂರಿಗೆ ತಂದುಕೊಟ್ಟ ಹನ್ನೊಂದು ಮಕ್ಕಳಿಗೆ ಮಾತ್ರ ಅವರ ಮುಖ ನೋಡುವ ಭಾಗ್ಯವಿಲ್ಲ.

ಜೂನ್ ನಾಲ್ಕನೇ ತಾರೀಖು ಆ ಹನ್ನೊಂದೂ ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡು ಶಾಲೆಯ ಬಾಗಿಲಿಗೆ ಬಂದವು. ಅಲ್ಲಿ ಅವರಿಗೆ ಜನನ ಪತ್ರ ಕೇಳಲಾಯಿತು. ಮಾನ್ಯರೇ, ನಮ್ಮೂರಿನಲ್ಲಿ ಯಾರಿಗೆ ಜನನ ಪತ್ರವಿದೆ? ನಮ್ಮಲ್ಲಿ ಮಗುವಿನ ವಯಸ್ಸನ್ನು ಗೊತ್ತುಮಾಡುವ ವಿಧಾನ ತಮಗೆ ತಿಳಿಯದ್ದಲ್ಲ. ಬಲಗೈಯನ್ನು ನೆತ್ತಿಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಆಮೇಲೆ ಹೆಡ್‌ಮೇಷ್ಟ್ರು ತಮಗೆ ತೋಚಿದ ಒಂದು ಹುಟ್ಟಿದ ತಾರೀಖನ್ನು ದಯಪಾಲಿಸುತ್ತಾರೆ. ದಾಖಲೆಯ ಪ್ರಕಾರ ನಾನು ಹುಟ್ಟಿದ್ದು ಜೂನ್ ಒಂದರಂದು. ನಮ್ಮ ಯಜಮಾನರು ಹುಟ್ಟಿದ್ದೂ ಜೂನ್ ಒಂದರಂದು. ನಮ್ಮ ಮೂರು ಮಕ್ಕಳೂ ಜೂನ್ ಒಂದನ್ನೇ ಕಾದಿದ್ದು ಹುಟ್ಟಿದವು. ಒಂದೇ ಮನೆಯಲ್ಲಿ ನಡೆದ ಈ ಪವಾಡ ಇಲಾಖೆಗೆ ಇಷ್ಟು ವರ್ಷ ಯಾವ ಅನುಮಾನವನ್ನೂ ತಂದಿಲ್ಲ. ಕದಿರಮ್ಮ ಯಾರೂ ಕೇಳದೆಯೇ ಕೈ ಎತ್ತಿ ಕಿವಿ ಮುಟ್ಟಿ, ಕಿವಿ ದಾಟಿ ಕೆನ್ನೆಯನ್ನೂ ಮುಟ್ಟಿ ತೋರಿಸಿದಳು. ಅವಳ ಕೈಯ ಉದ್ದ ಸಾಲಲಿಲ್ಲ, ಕಾಗದ ಬೇಕಾಯಿತು.

ವಾಸಸ್ಥಳದ ದೃಢೀಕರಣದ ಕತೆಯೂ ಹೀಗೆಯೇ. ಗ್ರಾಮ ಲೆಕ್ಕಿಗರು, ಬಂಡೆ ಸರ್ಕಾರದ್ದು, ಅದರ ಮೇಲಿನ ಗುಡಿಸಲಿಗೆ ಮನೆ ನಂಬರಿಲ್ಲ, ನಂಬರಿಲ್ಲದ ಮನೆಯಲ್ಲಿ ವಾಸವಿದ್ದಾರೆಂದು ಬರೆಯಲು ಬರುವುದಿಲ್ಲ ಎಂದರು. ಹಾಗಾದರೆ ಅವರು ಎಲ್ಲಿ ವಾಸವಿದ್ದಾರೆ ಎಂದು ಬರೆದುಕೊಡಿ ಎಂದು ಕೇಳಿದೆ. ಅದು ನನ್ನ ಕೆಲಸವಲ್ಲ ಎಂದರು. ನಾಲ್ಕು ವರ್ಷದಿಂದ ಬೇಯುವ ಮುದ್ದೆ, ಒಣಗುವ ಬಟ್ಟೆ, ಅಳುವ ಕೂಸು ಇವೆಲ್ಲ ಸರ್ಕಾರದ ಲೆಕ್ಕದಲ್ಲಿ ಎಲ್ಲಿಯೂ ನಡೆಯುತ್ತಿಲ್ಲವಂತೆ.

ಇನ್ನು ಭಾಷೆ. ಇಲ್ಲಿ ನನಗೆ ನಗು ಬರುತ್ತದೆ, ಕ್ಷಮಿಸಬೇಕು. ಅರ್ಜಿಯಲ್ಲಿ ಮಾತೃಭಾಷೆ ಎಂಬ ಒಂದು ಕಲಮು ಇದೆ. ಹೆಡ್‌ಮೇಷ್ಟ್ರು ನರಸಿಂಹಪ್ಪನನ್ನು ಕೇಳಿದ್ದು ಹೀಗೆ:

“ಇಂಟ್ಲೋ ಏಮಿ ಮಾಟ್ಲಾಡ್ತಾರಯ್ಯಾ?”

“ತೆಲುಗೇ ಸಾಮೀ.”

ಮನೆಯಲ್ಲಿ ಏನು ಮಾತಾಡುತ್ತೀರಿ ಎಂಬ ಪ್ರಶ್ನೆಯೂ ತೆಲುಗಿನಲ್ಲಿ, ಉತ್ತರವೂ ತೆಲುಗಿನಲ್ಲಿ. ಕೇಳಿದವರು ಕನ್ನಡಿಗರಾಗಿ ಒಳಗೆ ಕೂತರು, ಹೇಳಿದವನು ಹೊರಗಿನವನಾಗಿ ಬಾಗಿಲಲ್ಲಿ ನಿಂತ. ನಮ್ಮೂರಿನ ಮನೆಮನೆಯಲ್ಲೂ ಹಾಲು ಕರೆಯುವುದು, ಜಗಳ ಆಡುವುದು, ಮಗು ಮಲಗಿಸುವುದು ಎಲ್ಲ ತೆಲುಗಿನಲ್ಲೇ. ಆದರೆ ಆ ಕಲಮಿನಲ್ಲಿ ಎಲ್ಲರೂ ‘ಕನ್ನಡ’ ಎಂದೇ ಬರೆಸುತ್ತೇವೆ. ಅದು ನಮ್ಮಲ್ಲಿ ತಾತನ ಕಾಲದಿಂದ ಬಂದ ರೂಢಿ, ಯಾರಿಗೂ ಸುಳ್ಳು ಅನ್ನಿಸುವುದೇ ಇಲ್ಲ. ಎರಡು ವರ್ಷದ ಹಿಂದೆ ನಾಡಿನಲ್ಲೆಲ್ಲ ಕನ್ನಡದ ಚಳವಳಿ ನಡೆದಾಗ ನಾವೂ ಮೆರವಣಿಗೆ ಹೊರಟಿದ್ದೆವು. ಘೋಷಣೆ ಕೂಗಿದ್ದು ಕನ್ನಡದಲ್ಲಿ, ಗಂಟಲೊಣಗಿ ನೀರು ಕೇಳಿದ್ದು ತೆಲುಗಿನಲ್ಲಿ. ಇದರಲ್ಲಿ ನಾಚಿಕೆಯೇನಿಲ್ಲ, ನಮ್ಮ ಸೀಮೆಯ ಬದುಕೇ ಹಾಗೆ. ಪಾಪ, ನರಸಿಂಹಪ್ಪನಿಗೆ ಈ ರೂಢಿ ತಿಳಿಯದು. ಸರ್ಕಾರ ಕೇಳಿದರೆ ನಿಜ ಹೇಳಬೇಕು ಎಂದುಕೊಂಡುಬಿಟ್ಟ.

ನನ್ನ ಅಜ್ಜಿ ಗಡಿಯಾಚೆಯ ಪುಂಗನೂರು ಕಡೆಯಿಂದ ಸೊಸೆಯಾಗಿ ಬಂದವಳು. ಸಾಯುವವರೆಗೂ ಅವಳಿಗೆ ನಾಲ್ಕು ಮಾತು ಕನ್ನಡ ಸರಿಯಾಗಿ ಬರಲಿಲ್ಲ. ಅವಳ ಮೊಮ್ಮಗಳು ಇವತ್ತು ತಮಗೆ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿದ್ದಾಳೆಂದರೆ, ಅದಕ್ಕೆ ಕಾರಣ ಒಂದು ಶಾಲೆ ಅವಳನ್ನು ಒಳಗೆ ಬಿಟ್ಟುಕೊಂಡದ್ದು. ಕನ್ನಡ ಬಾರದ ಮಗುವಿಗೆ ಕನ್ನಡ ಶಾಲೆಯಲ್ಲಿ ಜಾಗವಿಲ್ಲ ಎಂದಾದರೆ ಅದು ಕನ್ನಡ ಕಲಿಯುವುದು ಎಲ್ಲಿ ಸ್ವಾಮೀ, ಬಂಡೆಯ ಹತ್ತಿರವೇ?

ಗಡಿ, ಭಾಷೆ, ಕಾಗದ ಇವು ನಿಜವಾದ ಕಾರಣಗಳೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ ಅದೇ ವಾರ ಆಂಧ್ರದ ಪಲಮನೇರಿನಿಂದ ಬಂದು ಬಸ್ಸಿಳಿದ ಒಬ್ಬ ಹುಡುಗ ಶಾಲೆಗೆ ಸೇರಿದ. ನಮ್ಮ ಕಮಿಟಿ ಅಧ್ಯಕ್ಷರಾದ ರಾಮಚಂದ್ರಪ್ಪನವರ ಮಗಳ ಮಗ. ನಿನ್ನ ಹೆಸರೇನಪ್ಪಾ ಎಂದು ಹೊಸ ಉಪಾಧ್ಯಾಯಿನಿ ಕನ್ನಡದಲ್ಲಿ ಕೇಳಿದರೆ “ಅಂಟೇ ಏಮಿ?” ಎಂದ, ಹಾಗೆಂದರೇನು ಎಂದು. ಅವನ ಮಾತೃಭಾಷೆಯ ಕಲಮಿನಲ್ಲಿ ‘ಕನ್ನಡ’ ಎಂದಿದೆ. ಜನನ ಪತ್ರವನ್ನು ಯಾರೂ ಕೇಳಲಿಲ್ಲ. ಜೂನ್ ಒಂದರಂದು ಹುಟ್ಟಿದವರ ಬಳಗಕ್ಕೆ ಅವನೂ ಸೇರಿದ. ಮಗುವಿನ ಮೇಲೆ ನನಗೆ ಸಿಟ್ಟಿಲ್ಲ, ಅವನು ಓದಲಿ. ಆದರೆ ಗಡಿ ಅವನಿಗೆ ಯಾಕೆ ಅಡ್ಡ ಬರಲಿಲ್ಲ?

ಯಾಕೆಂಬುದು ಕಮಿಟಿಯ ಸಭೆಯಲ್ಲಿ ತಿಳಿಯಿತು. ರಾಮಚಂದ್ರಪ್ಪನವರು ಮುಚ್ಚುಮರೆ ಇಲ್ಲದೆ ಹೇಳಿದರು:

“ನೋಡಮ್ಮಾ, ಓದ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಆ ಮಕ್ಕಳು ಬಂದು ನಮ್ಮ ಮಕ್ಕಳ ಪಕ್ಕ ಕೂತ್ಕೊಂಡು, ಅದೇ ಮಡಕೇಲಿ ನೀರು ಮೊಗೆದ್ರೆ, ನಾಳೆ ಊರಲ್ಲಿ ನಾನು ಯಾರಿಗೆ ಸಮಾಧಾನ ಹೇಳ್ಲಿ? ಮೊಗ ನೋಡಿದ್ರೇ ಗೊತ್ತಾಗುತ್ತೆ ಎಂಥೋರ ಮಕ್ಕಳು ಅಂತ.”

ಆಮೇಲೆ ಆ ಮಡಕೆಯ ಮಾತನ್ನು ನಿರ್ಣಯದ ಪುಸ್ತಕದಲ್ಲಿ ಹಾಗೆಯೇ ಬರೆಯಲಾಗುವುದಿಲ್ಲವಲ್ಲ, ಕಾನೂನು ಇದೆ. ಆದ್ದರಿಂದ ‘ಗಡಿಯಾಚೆಯ ವಲಸಿಗರು’, ‘ಸ್ಥಳೀಯ ಮಕ್ಕಳ ಹಿತದೃಷ್ಟಿ’ ಎಂಬ ಒಗೆದು ಇಸ್ತ್ರಿ ಮಾಡಿದ ಮಾತುಗಳು ಬಂದವು. ತಾವು ಅನುಮೋದಿಸಿದ್ದು ಆ ಇಸ್ತ್ರಿಯ ಮಾತನ್ನು. ಅದರೊಳಗೆ ಇದ್ದದ್ದು ಆ ಮಡಕೆ. ತಮಗೆ ತಿಳಿದಿರಲಿಲ್ಲ ಎಂದು ನಂಬಲು ನನಗೂ ಆಸೆಯಿದೆ.

ಆ ನಿರ್ಣಯಕ್ಕೆ ಐದು ಸಹಿಗಳಿವೆ. ಐದನೆಯದು ನನ್ನದು.

ಇದನ್ನು ಹೇಳದೆ ಪತ್ರ ಮುಗಿಸಿದ್ದರೆ ನಾನು ತುಂಬ ದೊಡ್ಡವಳಾಗಿ ಕಾಣುತ್ತಿದ್ದೆ. ನೆವ ಹೇಳಬಹುದು. ಅವತ್ತು ನಮ್ಮ ರೇಷ್ಮೆ ಹುಳುಗಳು ನಾಲ್ಕನೇ ಸಲ ಪೊರೆ ಕಳಚಿ ಜ್ವರದಿಂದ ಎದ್ದಿದ್ದವು, ತಟ್ಟೆಗಳ ಮುಂದೆ ನಿಂತು ಸೊಪ್ಪು ಹಾಕಿದಷ್ಟೂ ಸಾಲದ ಹೊತ್ತು, ಮನೆಗೆ ಓಡುವ ಆತುರ. ನಮ್ಮ ಹೊಲ ಉಳುವುದು ರಾಮಚಂದ್ರಪ್ಪನವರ ಟ್ರ್ಯಾಕ್ಟರು. ಓದದೆ ಸಹಿ ಹಾಕಿದೆ ಎಂದರೆ ಎಲ್ಲರೂ ನಂಬುತ್ತಾರೆ. ಆದರೆ ಓದಿಯೇ ಹಾಕಿದೆ. ಜನವರಿಯಲ್ಲಿ ಯಾವ ಮಕ್ಕಳ ಹೆಸರನ್ನು ಬಾಯಿಬಿಟ್ಟು ಕೂಗಿ ಬರೆಸಿದ್ದೆನೋ, ಅದೇ ಮಕ್ಕಳು ಬೇಡ ಎಂದು ಜೂನ್‌ನಲ್ಲಿ ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ.

ಹತ್ತು ಮಕ್ಕಳ ತಂದೆತಾಯಿಗಳು ಮರುದಿನವೇ ಸುಮ್ಮನಾದರು. ಅವರಿಗೆ ಇದು ಹೊಸದಲ್ಲ. ಮುನಿಶಾಮಮ್ಮ ಮಾತ್ರ ಸುಮ್ಮನಾಗಲಿಲ್ಲ. ಶಾಲೆಯ ಬಾಗಿಲಿಗೆ ಅಂಟಿಸಿದ್ದ ನಿರ್ಣಯದ ನಕಲನ್ನು ಕಿತ್ತುಕೊಂಡು ನೇರವಾಗಿ ನಮ್ಮ ಮನೆಗೇ ಬಂದಳು. ಮಗಳೂ ಜೊತೆಗಿದ್ದಳು.

“ಅಕ್ಕಯ್ಯಾ, ಇದ್ರಲ್ಲಿ ಏನು ಬರೆದವ್ರೆ ಓದ್ಹೇಳು. ಯಾರ್ಯಾರು ಬ್ಯಾಡ ಅಂದವ್ರೆ? ಒಬ್ಬೊಬ್ರ ಕಾಲೂ ಹಿಡ್ಕೋತೀನಿ.”

ನಾನು ಓದಿದೆ. ನಾಲ್ಕು ಹೆಸರು ಹೇಳಿ ಕಾಗದ ಮಡಚಿ ಕೊಟ್ಟೆ.

“ನಾಲ್ಕೇ ಜನಾನಾ?” ಎಂದಳು. ಹೂಂ ಎಂದೆ. ಅವಳು ನನ್ನ ಕೈ ಹಿಡಿದುಕೊಂಡು, “ನೀನಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಬಿಡು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಾರನೆಯ ದಿನ ಅವಳನ್ನು ಕರೆದುಕೊಂಡು ತಮ್ಮ ಕಚೇರಿಗೆ ಹೊರಟದ್ದು ಧೈರ್ಯದಿಂದಲ್ಲ, ನಾಚಿಕೆಯಿಂದ.

ನಾಲ್ಕನೆಯ ಸಲ, ಜೀಪು ಹತ್ತುವ ಮುಂಚೆ, ತಾವು ನಮಗೆ ಒಂದು ನಿಮಿಷ ಕೊಟ್ಟಿರಿ. “ಹೊರಗಿನವರಿಗೆಲ್ಲ ಬಾಗಿಲು ತೆಗೀತಾ ಹೋದ್ರೆ ನಮ್ಮ ಮಕ್ಕಳ ಗತಿ ಏನಮ್ಮಾ?” ಎಂದಿರಿ. ತರಗತಿಯಲ್ಲಿ ಇನ್ನೂ ಎರಡು ಸಾಲು ಮಣೆ ಖಾಲಿ ಇವೆ ಎಂದೆ. “ಇವರೇನು ನಿಲ್ಲೋ ಜನಾನಾ? ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ” ಎಂದಿರಿ. ಕದಿರಮ್ಮ ಅಲ್ಲೇ ನಿಂತಿದ್ದಳು. ತಮ್ಮ ಮಾತು ಅವಳಿಗೆ ಪೂರ್ತಿ ಅರ್ಥವಾಯಿತು. ಊರ ಮಕ್ಕಳ ಜೊತೆ ಆಡಿ ಆಡಿ ಅವಳಿಗೆ ಅಷ್ಟು ಕನ್ನಡ ಬರುತ್ತದೆ. ಬಸ್ಸಿನಲ್ಲಿ ಬರುವಾಗ ನನ್ನನ್ನು ಕೇಳಿದಳು:

“ಅತ್ತೇ, ನಾವು ಓಗಲ್ಲ ಅಂದ್ರೆ ಸೇರಿಸ್ಕೋತಾರಾ?”

ಅದು ಅವಳ ಕೈಯಲ್ಲಿಲ್ಲ. ಬಂಡೆಯ ಗುತ್ತಿಗೆ ಮುಗಿಯುತ್ತಾ ಬಂದಿದೆ. ಆಷಾಢ ಕಳೆದ ಮೇಲೆ ನರಸಿಂಹಪ್ಪ ಟೇಕಲ್ ಕಡೆಗೆ ಹೊಸ ಕೆಲಸಕ್ಕೆ ಹೊರಡುತ್ತಾನೆ. ಮಗಳಿಗೆ ಶಾಲೆ ಸಿಕ್ಕರೆ ತಾಯಿ ಮಕ್ಕಳು ಇಲ್ಲೇ ಉಳಿಯುತ್ತಾರೆ, ಮುನಿಶಾಮಮ್ಮ ನಮ್ಮ ಹಿಪ್ಪುನೇರಳೆ ತೋಟದ ಕೆಲಸಕ್ಕೆ ಬರುತ್ತಾಳೆ, ಹಾಗೆಂದು ನಾನು ಮಾತು ಕೊಟ್ಟಾಗಿದೆ. ಸಿಗದಿದ್ದರೆ ಕದಿರಮ್ಮನೂ ಅಪ್ಪನ ಹಿಂದೆ ಹೋಗುತ್ತಾಳೆ, ಅವಳ ಕೈಗೊಂದು ಚಿಕ್ಕ ಸುತ್ತಿಗೆ ಬರುತ್ತದೆ. ಅದಕ್ಕೆ ಜನನ ಪತ್ರ ಬೇಕಿಲ್ಲ, ಮಾತೃಭಾಷೆಯನ್ನೂ ಯಾರೂ ಕೇಳುವುದಿಲ್ಲ. ಇವರು ನಿಲ್ಲದ ಜನ ಎಂದಿರಿ. ನಿಲ್ಲಲು ಅವರಿಗೆ ಬೇಕಾಗಿರುವುದು ರಿಜಿಸ್ಟರಿನಲ್ಲಿ ಒಂದು ಸಾಲು.

ದಾಖಲಾತಿಗೆ ಜುಲೈ ಮೂವತ್ತೊಂದು ಕಡೆಯ ದಿನ. ಇನ್ನು ಹದಿಮೂರು ದಿನಗಳಿವೆ. ಆದ್ದರಿಂದ ನೇರವಾಗಿ ಕೇಳುತ್ತೇನೆ. ಆ ಅನುಮೋದನೆಯನ್ನು ರದ್ದುಮಾಡಿ, ಕದಿರಮ್ಮನನ್ನೂ ಉಳಿದ ಹತ್ತು ಮಕ್ಕಳನ್ನೂ ಸೇರಿಸಿಕೊಳ್ಳಿ. ನಾನು ನನ್ನ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಸಹಿ ವಾಪಸು ಪಡೆಯುವ ನಿಯಮವಿಲ್ಲ ಎಂದು ಹೆಡ್‌ಮೇಷ್ಟ್ರು ಹೇಳಿದ್ದರಿಂದ ಇಲ್ಲಿಯೇ, ಎಲ್ಲರೂ ನೋಡುವ ಹಾಗೆ, ಪಡೆಯುತ್ತಿದ್ದೇನೆ. ಈ ಪತ್ರ ಅಚ್ಚಾದ ದಿನ ಬಂಡೆಯ ಹತ್ತಿರ ಹೋಗಿ ಮುನಿಶಾಮಮ್ಮನಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತೇನೆ. ಆಮೇಲೆ ಅವಳು ನಮ್ಮ ತೋಟಕ್ಕೆ ಬರುವುದು ಬಿಡುವುದು ಅವಳಿಗೆ ಸೇರಿದ್ದು.

ಇದು ಯಾವುದೂ ತಮ್ಮಿಂದ ಆಗದಿದ್ದರೆ ಕಡೆಗೆ ಇಷ್ಟಾದರೂ ಮಾಡಿ. ಕಚೇರಿಯ ಕಾಗದದಲ್ಲಿ, ಮೊಹರು ಹಾಕಿ, ನರಸಿಂಹಪ್ಪನ ಮಗಳು ಕದಿರಮ್ಮ ಓದಬೇಕೆಂದು ನಮ್ಮ ಶಾಲೆಗೆ ಬಂದಿದ್ದಳು, ನಾವು ವಾಪಸು ಕಳಿಸಿದೆವು ಎಂದು ಎರಡು ಸಾಲು ಬರೆದು ಅವಳ ಕೈಗೆ ಕೊಡಿ. ಮುಂದಿನ ಊರಿನಲ್ಲಿ, ಅದರ ಮುಂದಿನ ಊರಿನಲ್ಲಿ, ಇಷ್ಟು ದೊಡ್ಡವಳಾದರೂ ಯಾಕೆ ಓದಿಲ್ಲ ಎಂದು ಯಾರಾದರೂ ಅವಳನ್ನು ಕೇಳುತ್ತಾರೆ. ತಪ್ಪು ತನ್ನದು ಎಂದು ಅವಳು ತಲೆ ತಗ್ಗಿಸಬಾರದು. ಆ ಕಾಗದ ತೋರಿಸಲಿ.

ಇಂತಿ,
ತಾವು ಮುಂದಿನ ತನಿಖೆಗೆ ಬಂದಾಗ ಉಪವಾಸ ಕಳಿಸಲಿರುವ,
ಆದಿಲಕ್ಷ್ಮಮ್ಮ
ಸಹಿ ಹಾಕುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದ ಸದಸ್ಯೆ
೧೮ ಜುಲೈ ೧೯೮೪